ಕಡ ತಂದ ಧಾಟಿ

ಗೇರುಮರದ ತವರು ಬ್ರೆಜಿಲ್. ಪೋರ್ಚುಗೀಸರು ಹದಿನಾರನೆಯ ಶತಮಾನದಲ್ಲಿ ಅದನ್ನು ಹಡಗೇರಿಸಿ ನಮ್ಮ ಪಶ್ಚಿಮ ಕರಾವಳಿಗೆ ತಂದರು. ಈಗ ಮಂಗಳೂರಿನ ಸುತ್ತಲಿನ ಮುರಕಲ್ಲಿನ ಗುಡ್ಡಗಳಲ್ಲಿ ಅದಕ್ಕಿಂತ ಹೆಚ್ಚು ನಮ್ಮದೆನಿಸುವ ಮರ ಹುಡುಕುವುದು ಕಷ್ಟ. ಗೇರುಬೀಜದ ಕಾರ್ಖಾನೆಗಳು ಈ ಊರಿನ ಎಷ್ಟೋ ಮನೆಗಳ ಒಲೆ ಉರಿಸಿವೆ. ದೇವಸ್ಥಾನದ ಪಾಯಸದಲ್ಲಿ ಗೇರುಬೀಜ ಸಿಕ್ಕಿದರೆ ಮಕ್ಕಳು ಆರಿಸಿ ತಿನ್ನುತ್ತಾರೆ. ಇದು ಪರದೇಶದ್ದು ಎಂದು ಯಾರೂ ಎಲೆಯ ಬದಿಗೆ ಸರಿಸಿದ್ದನ್ನು ನಾನು ಕಂಡಿಲ್ಲ.

ಅದೇ ಕಡಲ ದಾರಿಯಲ್ಲಿ ಬಂದ ಹಾಡಿನ ಧಾಟಿಯ ವಿಷಯದಲ್ಲಿ ಮಾತ್ರ ನಾವು ಇಷ್ಟು ಧಾರಾಳಿಗಳಲ್ಲ. ಒಂದು ಕೊಂಕಣಿ ಹಾಡಿನಲ್ಲಿ ಗಿಟಾರ್ ಕೇಳಿಸಿದರೆ, ತುಳು ಹಾಡಿಗೆ ಡ್ರಮ್ಸ್ ಕೂಡಿದರೆ, 'ಇದು ನಮ್ಮದಾ?' ಎಂಬ ಪ್ರಶ್ನೆ ಏಳುತ್ತದೆ. ಮೊದಲೆಲ್ಲ ಈ ಪ್ರಶ್ನೆಯೇ ಅಸಂಗತ ಎಂದುಕೊಂಡಿದ್ದೆ. ಗೇರುಬೀಜಕ್ಕಿಲ್ಲದ ನಿಯಮ ಹಾಡಿಗೆ ಯಾಕೆ? ಯೋಚಿಸುತ್ತಾ ಹೋದಂತೆ ಎರಡಕ್ಕೂ ಇರುವ ವ್ಯತ್ಯಾಸ ಕಾಣತೊಡಗಿತು. ಗೇರುಬೀಜ ನಮ್ಮ ಪರವಾಗಿ ಮಾತಾಡುವುದಿಲ್ಲ, ಹಾಡು ಮಾತಾಡುತ್ತದೆ. ನಮ್ಮ ಪರವಾಗಿ ಮಾತಾಡುವವನ ಬಗ್ಗೆ 'ನೀನು ಯಾರವನು?' ಎಂದು ಕೇಳುವ ಹಕ್ಕು ನಮಗೆ ಇದ್ದೇ ಇದೆ.

ಮಂಗಳೂರಿನ ಕೊಂಕಣಿ ಕ್ರೈಸ್ತರ ಮದುವೆ ಮನೆಯಲ್ಲಿ ಈ ಪ್ರಶ್ನೆ ಎರಡು ಸಂಜೆಗಳಲ್ಲಿ ಹಂಚಿಕೊಂಡು ನಿಂತಿರುತ್ತದೆ. ಮದುವೆಯ ಮುನ್ನಾದಿನ ರೋಸ್. ಮದುಮಗಳಿಗೆ ತೆಂಗಿನ ಹಾಲು ಹಚ್ಚುವಾಗ ಹಿರಿಯ ಹೆಂಗಸರು ವೊವಿಯೊ ಹಾಡುತ್ತಾರೆ. ಒಬ್ಬರು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಸೇರಿಸುತ್ತಾರೆ. ಧಾಟಿ ಒಂದೇ, ನಿಧಾನ, ತೊಟ್ಟಿಲು ತೂಗಿದ ಹಾಗೆ. ಮರುದಿನ ಸಂಜೆ ಹಾಲ್‌ನಲ್ಲಿ ರಿಸೆಪ್ಷನ್. ಅಲ್ಲಿ ಬ್ಯಾಂಡ್, ಕೀಬೋರ್ಡ್, ಬೈಲಾ ಕುಣಿತ. ನಮ್ಮದು ತುಳು ಮಾತಾಡುವ ಮನೆ. ನೆರೆಯವನಾಗಿ ಇಂಥ ಎರಡೂ ಸಂಜೆಗಳಿಗೆ ಹೋಗುತ್ತಾ ಬೆಳೆದವನು ನಾನು. ಒಮ್ಮೆ ರಿಸೆಪ್ಷನ್‌ನ ಗದ್ದಲದ ನಡುವೆ, ಹಿಂದಿನ ದಿನ ವೊವಿಯೊ ಎತ್ತಿಕೊಟ್ಟಿದ್ದ ಬಾಯಮ್ಮನ ಪಕ್ಕ ಕೂತಿದ್ದೆ. "ಇದು ನಿಮಗೆ ಇಷ್ಟವಾಗ್ತದಾ ಬಾಯಮ್ಮ?" ಎಂದು ಕೇಳಿದೆ. "ನಿನ್ನೆ ನಮ್ಮದು ಆಯ್ತಲ್ಲ, ಇವತ್ತು ಮಕ್ಕಳದ್ದು" ಎಂದರು. ಅಷ್ಟರಲ್ಲಿ ಬ್ಯಾಂಡಿನವರು ವಿಲ್ಫಿ ರೆಬಿಂಬಸ್ ಅವರ ಒಂದು ಹಾಡು ಎತ್ತಿಕೊಂಡರು. ಬಾಯಮ್ಮನ ತುಟಿಯೂ ಅಲುಗತೊಡಗಿತು. ಆ ಹಾಡಿನ ಮಟ್ಟಿಗೆ ನಿನ್ನೆ, ಇವತ್ತು ಎಂಬ ಗೆರೆ ಅಳಿಸಿಹೋಗಿತ್ತು.

ವಿಲ್ಫಿ ರೆಬಿಂಬಸ್ ಹುಟ್ಟಿದ್ದು 1942ರಲ್ಲಿ. ಹಾಡು ಬರೆಯುವುದು, ಧಾಟಿ ಕಟ್ಟುವುದು, ವೇದಿಕೆಯಲ್ಲಿ ನಿಂತು ಹಾಡುವುದು ಮೂರನ್ನೂ ತಾವೇ ಮಾಡಿದವರು. 'ವಿಲ್ಫಿ ನೈಟ್' ಎಂದರೆ ಮಂಗಳೂರಿನಲ್ಲಿ ಒಂದು ಹಬ್ಬವಿದ್ದಂತೆ. ಅಂಥ ಸಂಜೆಗಳು ಇನ್ನೂರಕ್ಕೂ ಹೆಚ್ಚು ನಡೆದವು. ಈ ಊರಿನವರು ಕೆಲಸ ಹುಡುಕಿಕೊಂಡು ಹೋದ ಮುಂಬೈಯಲ್ಲೂ ಗಲ್ಫ್‌ನಲ್ಲೂ ನಡೆದವು. ಪತ್ನಿ ಮೀನಾ ರೆಬಿಂಬಸ್ ಜೊತೆಗೆ ಹಾಡುತ್ತಿದ್ದರು. ಜನ ಅವರನ್ನು 'ಕೊಂಕಣ್ ಕೋಗುಳ್' ಎಂದು ಕರೆದರು. 2010ರ ಮಾರ್ಚ್ 9ರಂದು ಅವರು ತೀರಿಕೊಂಡರು. ಅವರ ಧಾಟಿಗಳಲ್ಲಿ ಪಾಶ್ಚಾತ್ಯ ಸಂಗೀತದ ನಡೆ ಎದ್ದು ಕಾಣುತ್ತದೆ. ಮಾತುಗಳು ಮಾತ್ರ ಅಡುಗೆಮನೆಯ, ಅಂಗಳದ, ಮೀನು ಮಾರ್ಕೆಟ್ಟಿನ ಕೊಂಕಣಿ. ಪ್ರೀತಿ, ತಮಾಷೆ, ಚುಚ್ಚುಮಾತು, ತಾಯಿಯ ನೆನಪು ಎಲ್ಲವೂ ಅದರಲ್ಲೇ. ಭಾಷೆ ಪೂರ್ತಿ ಅರ್ಥವಾಗದ ನನ್ನಂಥವರೂ ಅವರ ಹಾಡುಗಳನ್ನು ಗುನುಗುತ್ತೇವೆ.

ಸಾಹಿತ್ಯ ಓದುವ ಗೆಳೆಯನೊಬ್ಬ ಇದೇ ಹಾಡುಗಳ ಬಗ್ಗೆ ಒಮ್ಮೆ ಖಡಾಖಂಡಿತವಾಗಿ ಹೇಳಿದ್ದ: "ಅದು ಕೊಂಕಣಿ ಮಾತು ಹಾಕಿದ ಇಂಗ್ಲಿಷ್ ಹಾಡು, ಅಷ್ಟೆ." ಆ 'ಅಷ್ಟೆ' ನನ್ನನ್ನು ಬಹಳ ದಿನ ಕಾಡಿತು. ಧಾಟಿ ಹೊರಗಿನದಾದ ಮಾತ್ರಕ್ಕೆ ಹಾಡು ಹೊರಗಿನದಾಗುತ್ತದೆಯೆ? ಹಾಡನ್ನು ಯಾರದ್ದೆಂದು ತೀರ್ಮಾನಿಸುವುದು ಧಾಟಿಯೋ, ಮಾತೋ, ಹಾಡುವವನೋ, ಕೇಳುವವನೋ?

ಇದೇ ಜಗಳ ಇನ್ನೂ ದೊಡ್ಡ ಗಂಟಲಿನಲ್ಲಿ ನಡೆದ ದೇಶವೊಂದಿದೆ. ಅದು ಗೇರುಮರದ ತವರು. ವಿಲ್ಫಿ ಹುಟ್ಟಿದ ಅದೇ 1942ರಲ್ಲಿ ರಿಯೊ ಡಿ ಜನೈರೊದ ಟಿಜುಕಾ ಎಂಬ ಕೇರಿಯಲ್ಲಿ ಒಬ್ಬ ಹುಡುಗ ಹುಟ್ಟಿದ. ಮನೆಯವರು ಬೇಯಿಸಿದ ಊಟದ ಡಬ್ಬಿಗಳನ್ನು ಗಿರಾಕಿಗಳಿಗೆ ತಲುಪಿಸುತ್ತಾ ಬೆಳೆದ ಆ ಹುಡುಗನೇ ಮುಂದೆ ಟಿಮ್ ಮಾಯಾ ಎಂದು ಹೆಸರಾದ ಗಾಯಕ. 1959ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಅಮೆರಿಕಕ್ಕೆ ಹೋದ. ಅಲ್ಲಿ ಕಪ್ಪು ಜನರ ಸೋಲ್ ಸಂಗೀತ ಕಿವಿಗೆ ಬಿತ್ತು. ಇಗರ್ಜಿಯ ಪ್ರಾರ್ಥನೆಯ ಏರುದನಿಯನ್ನೇ ಪ್ರೀತಿಗೂ ನೋವಿಗೂ ತಿರುಗಿಸಿಕೊಂಡ ಹಾಡುಗಾರಿಕೆ ಅದು. ಕೆಲವು ವರ್ಷಗಳ ನಂತರ ಗಾಂಜಾ ಇಟ್ಟುಕೊಂಡ ಪ್ರಕರಣದಲ್ಲಿ ಸಿಕ್ಕಿ, ಗಡಿಪಾರಾಗಿ ಊರಿಗೆ ಮರಳಿದ. ಜೊತೆಗೆ ತಂದದ್ದು ಆ ಹಾಡುಗಾರಿಕೆಯೊಂದನ್ನೇ.

ಊರಿನಲ್ಲಿ ಆಗ ಕಾಲ ಅಷ್ಟು ಅನುಕೂಲವಾಗಿರಲಿಲ್ಲ. 1967ರ ಜುಲೈ 17ರಂದು ಸಾವೊ ಪಾವ್ಲೊ ನಗರದಲ್ಲಿ ಸಂಗೀತಗಾರರೇ ಬೀದಿಗಿಳಿದು ಮೆರವಣಿಗೆ ಹೊರಟರು, ಎಲೆಕ್ಟ್ರಿಕ್ ಗಿಟಾರಿನ ವಿರುದ್ಧ! ಬ್ರೆಜಿಲ್‌ನ ಸಂಗೀತವನ್ನು ಪರದೇಶದ ಸದ್ದು ನುಂಗುತ್ತಿದೆ ಎಂಬುದು ಅವರ ಅಳಲು. ಮುಂಚೂಣಿಯಲ್ಲಿದ್ದವರು ಆ ದೇಶದ ಮನೆಮಾತಾಗಿದ್ದ ಗಾಯಕಿ ಎಲಿಸ್ ರೆಜಿನಾ. ಇದನ್ನು ಮೊದಲು ಓದಿದಾಗ ನನಗೆ ನಗು ಬಂದಿತ್ತು. ಒಂದು ವಾದ್ಯದ ವಿರುದ್ಧ ಮೆರವಣಿಗೆ ಹೋಗುವುದುಂಟೆ? ಆದರೆ ಸೇನೆಯ ಆಡಳಿತದಲ್ಲಿ ಬದುಕುತ್ತಿದ್ದ, ಅಂಗಡಿಗಳಲ್ಲೂ ರೇಡಿಯೊದಲ್ಲೂ ಅಮೆರಿಕವೇ ತುಂಬಿಕೊಳ್ಳುತ್ತಿದ್ದುದನ್ನು ನೋಡುತ್ತಿದ್ದ ಜನರಿಗೆ ಅದು ನಗುವ ವಿಷಯವಾಗಿರಲಿಲ್ಲ.

ಕಥೆಯ ಸ್ವಾರಸ್ಯವಿರುವುದು ಮುಂದೆ. ಎರಡೇ ವರ್ಷ ಕಳೆದಾಗ ಅದೇ ಎಲಿಸ್ ರೆಜಿನಾ, ಇನ್ನೂ ಹೆಸರಾಗದ ಟಿಮ್ ಮಾಯಾರನ್ನು ಕರೆಸಿ, ಅವರದೇ ರಚನೆಯೊಂದನ್ನು ಅವರೊಂದಿಗೆ ಜೋಡಿಯಾಗಿ ಹಾಡಿದರು. ಇಂಗ್ಲಿಷೂ ಪೋರ್ಚುಗೀಸೂ ಬೆರೆತ ಹಾಡು ಅದು. 1970ರಲ್ಲಿ ಎಲಿಸ್ ಅವರ ಆಲ್ಬಂನಲ್ಲಿ ಹೊರಬಂತು. ಅದೇ ವರ್ಷ ಟಿಮ್ ಮಾಯಾರ ಮೊದಲ ಆಲ್ಬಂ ಬಂತು. ಅದರಲ್ಲಿ ಅಮೆರಿಕದ ಸೋಲ್ ಇತ್ತು, ಬ್ರೆಜಿಲ್‌ನ ಈಶಾನ್ಯದ ಬಡಸೀಮೆಯ ಬಯಾಂವ್ ಕುಣಿತದ ತಾಳವೂ ಇತ್ತು. ಮುಂದಿನ ಹಾಡುಗಳಲ್ಲಿ ಸಾಂಬಾ ಕೂಡಿಕೊಂಡಿತು. ದಪ್ಪ, ತುಸು ಒರಟಾದ, ಎದೆಯೊಳಗಿಂದಲೇ ಎದ್ದು ಬರುವ ದನಿ. ವೇದಿಕೆಗೆ ಬಾರದೆ ಕೈಕೊಡುವುದಕ್ಕೂ ಬಂದರೆ ಮೈಕಿನ ಸದ್ದು ಸರಿಯಿಲ್ಲವೆಂದು ರೇಗುವುದಕ್ಕೂ ಅಷ್ಟೇ ಪ್ರಸಿದ್ಧರು. ಎಲಿಸ್ ತಮ್ಮ ನಿಲುವು ಬದಲಿಸಿದರು ಎಂದು ಇದನ್ನು ಓದಬಹುದು. ನನಗೆ ಬೇರೆ ಕಾಣುತ್ತದೆ. ಗಿಟಾರಿನ ವಿರುದ್ಧ ನಡೆಯುವಾಗ ಅವರ ಕಣ್ಣೆದುರು ಇದ್ದದ್ದು ಒಂದು ಭಯ. ಟಿಮ್ ಮಾಯಾರ ಜೊತೆ ಹಾಡುವಾಗ ಎದುರಿಗಿದ್ದದ್ದು ಒಬ್ಬ ಮನುಷ್ಯ. ಹೊರಗಿನದು ಎಂಬ ಮಾತು ಗುಂಪಿನಲ್ಲಿ ಕೂಗುವಷ್ಟು ಸಲೀಸಾಗಿ ಒಬ್ಬ ಗಾಯಕನ ಮುಖ ನೋಡಿ ಹೇಳಲು ಬರುವುದಿಲ್ಲ.

ಎಪ್ಪತ್ತರ ದಶಕದಲ್ಲಿ ರಿಯೊದ ಹೊರವಲಯದ ಕಪ್ಪು ಯುವಕ ಯುವತಿಯರು ವಾರಾಂತ್ಯಕ್ಕೆ ಸಾವಿರಗಟ್ಟಲೆ ಸೇರಿ ಸೋಲ್ ಹಾಡುಗಳಿಗೆ ಕುಣಿಯತೊಡಗಿದರು. ಪತ್ರಿಕೆಗಳು ಅದಕ್ಕೆ 'ಬ್ಲ್ಯಾಕ್ ರಿಯೊ' ಎಂದು ಹೆಸರಿಟ್ಟವು. ಬಲಪಂಥೀಯರೂ ಎಡಪಂಥೀಯರೂ ಅವರನ್ನು ಬೈದರು. ನಿಮ್ಮದೇ ಆದ ಸಾಂಬಾ ಇರುವಾಗ ಅಮೆರಿಕದ ಅನುಕರಣೆ ಯಾಕೆ ಎಂದು. ಆದರೆ ಆ ಹೊತ್ತಿಗೆ ಸಾಂಬಾ ಇಡೀ ದೇಶದ ಚಿಹ್ನೆಯಾಗಿತ್ತು. ಪ್ರವಾಸಿಗರ ಎದುರು ಬಣ್ಣ ಬಣ್ಣವಾಗಿ ನಗುತ್ತಿತ್ತು. 'ನಾನು ಕಪ್ಪು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ' ಎಂಬ ಮಾತು ಆ ಮಕ್ಕಳಿಗೆ ಕೇಳಿಸಿದ್ದು ದೂರದ ಸೋಲ್‌ನಲ್ಲಿ. ಕೆಲವೊಮ್ಮೆ ನಮ್ಮ ಮನಸ್ಸಿನೊಳಗಿನ ಮಾತು ಪರಊರಿನವನ ಬಾಯಲ್ಲಿ ಮೊದಲು ಕೇಳಿಸುತ್ತದೆ. ಆಗ ಅವನ ಧಾಟಿ ಹಿಡಿದದ್ದನ್ನು ಅನುಕರಣೆ ಎನ್ನಬೇಕೋ, ಗುರುತು ಹಿಡಿದದ್ದು ಎನ್ನಬೇಕೋ?

ಇನ್ನು, 'ನಿಮ್ಮದೇ ಸಾಂಬಾ' ಎನ್ನುವುದರ ಬೇರು ಹುಡುಕಹೊರಟರೂ ನೆಲ ಸಿಗುವುದಿಲ್ಲ. ಸಾಂಬಾ ಬಂದದ್ದು ಆಫ್ರಿಕಾದಿಂದ ಸಂಕೋಲೆ ಹಾಕಿ ತಂದ ಗುಲಾಮರ ಕುಣಿತಗಳಿಂದ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಿಯೊದ ಪೊಲೀಸರು ಅದನ್ನು ಅಟ್ಟಾಡಿಸುತ್ತಿದ್ದರು. ಮೂವತ್ತರ ದಶಕದ ಸರ್ಕಾರ ಅದನ್ನೇ ರಾಷ್ಟ್ರದ ಹೆಮ್ಮೆ ಎಂದು ಎತ್ತಿ ಹಿಡಿಯಿತು. ಅದೇ ಪೋರ್ಚುಗೀಸ್ ಹಡಗುಗಳು ಆಫ್ರಿಕಾದ ಜನರನ್ನು ಗೋವೆಗೂ ತಂದಿಳಿಸಿದ್ದವು. ಅವರ ಸಂತತಿಯ ಸಿದ್ದಿಗಳು ಇಂದು ನಮ್ಮ ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಾಡಂಚಿನಲ್ಲಿದ್ದಾರೆ. ಅವರ ಡಮಾಮಿಯನ್ನು ನಾವು ಕರ್ನಾಟಕದ ಜಾನಪದ ಎಂದು ವೇದಿಕೆಗೆ ಕರೆದು ಚಪ್ಪಾಳೆ ತಟ್ಟುತ್ತೇವೆ. ತಟ್ಟುವುದು ಸರಿಯೇ. ಆದರೆ ಇದು ಎಲ್ಲಿಯದು ಎಂಬ ಒಂದೇ ಪ್ರಶ್ನೆಯಿಂದ ಯಾವ ಧಾಟಿಯ ತೀರ್ಪನ್ನೂ ಕೊಡಲಾಗದು ಎಂಬುದಕ್ಕೆ ಡಮಾಮಿಯ ಸದ್ದೇ ಸಾಕ್ಷಿ.

ಇಲ್ಲಿಗೆ ಮಾತು ಮುಗಿಸಿಬಿಟ್ಟರೆ ನನ್ನ ಗೆಳೆಯನಿಗೆ ಉತ್ತರ ಸಿಕ್ಕಿದಂತೆ ಕಾಣಬಹುದು. ಎಲ್ಲವೂ ಎಲ್ಲಿಂದಲೋ ಬಂದದ್ದೇ, ಆದ್ದರಿಂದ ಯಾವುದಕ್ಕೂ ಆಕ್ಷೇಪವಿಲ್ಲ ಎಂದು. ಆದರೆ ಈ ಉತ್ತರ ತೀರಾ ಸಲೀಸು. ಎದುರು ಬದಿಯಲ್ಲಿ ನಿಂತವರ ಮಾತಿನಲ್ಲಿ ಇದಕ್ಕಿಂತ ಹೆಚ್ಚಿನ ತೂಕವಿದೆ.

ಮಂಗಳೂರಿನಲ್ಲಿ ಆ ಬದಿಯ ಹೆಸರು ಮಾಂಡ್ ಸೊಭಾಣ್. ಎರಿಕ್ ಒಝೇರಿಯೊ ಮತ್ತು ಅವರ ಸಂಗಾತಿಗಳು 1986ರ ನವೆಂಬರ್ 30ರಂದು ಇದನ್ನು ಶುರು ಮಾಡಿದರು. ಕೊಂಕಣಿ ಹಾಡು ಪಾಶ್ಚಾತ್ಯ ಧಾಟಿಯ ನೆರಳಿನಲ್ಲೇ ನಡೆಯುತ್ತಿದೆ, ಅದಕ್ಕೆ ತನ್ನದೇ ನಡೆ ಯಾವುದು ಎಂದು ಹುಡುಕಬೇಕು ಎಂಬುದು ಅವರ ಹಟ. ಗುಮಟೆಯನ್ನು ಮತ್ತೆ ವೇದಿಕೆಯ ನಡುವಿಗೆ ತಂದರು. ಎರಡೂ ಕಡೆ ಬಾಯಿರುವ ಮಣ್ಣಿನ ಮಡಕೆಯ ಒಂದು ಬಾಯಿಗೆ ಚರ್ಮ ಬಿಗಿದ ವಾದ್ಯ ಅದು. ಹಿಂದೆ ಉಡದ ಚರ್ಮ ಬಳಸುತ್ತಿದ್ದರು. ವನ್ಯಜೀವಿ ಕಾನೂನು ಬಂದ ಮೇಲೆ ಆಡಿನ ಚರ್ಮಕ್ಕೆ ಹೊರಳಬೇಕಾಯಿತು. ಶಕ್ತಿನಗರದಲ್ಲಿ 'ಕಲಾಂಗಣ್' ಕಟ್ಟಿದರು. 2008ರ ಜನವರಿ 26 ಮತ್ತು 27ರಂದು ಅಲ್ಲಿ 40 ಗಂಟೆ ಎಡೆಬಿಡದೆ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆ ಬರೆದರು. ನನ್ನನ್ನು ತಟ್ಟಿದ್ದು ದಾಖಲೆಗಿಂತ ಅದರ ಹಿಂದಿನ ತವಕ. 40 ಗಂಟೆ ಹಾಡುವಷ್ಟು ನಮ್ಮಲ್ಲಿದೆ ಎಂದು ಮೊದಲು ತಮಗೇ, ಆಮೇಲೆ ಲೋಕಕ್ಕೆ ತೋರಿಸಬೇಕಿತ್ತು.

ಇದನ್ನು ಶುದ್ಧತೆಯ ಹಟ ಎಂದು ತಳ್ಳಿಹಾಕುವುದು ಅನ್ಯಾಯ. ಕೊಂಕಣಿಯಂಥ ಭಾಷೆಯ ಪಾಡು ನೋಡಿ. ಒಂದು ಕಡೆ ಕನ್ನಡ ಲಿಪಿ, ಒಂದು ಕಡೆ ದೇವನಾಗರಿ, ಇನ್ನೊಂದು ಕಡೆ ರೋಮನ್. ಸಂವಿಧಾನದ ಎಂಟನೆಯ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ಆಡುವವರು ದೇಶವಿದೇಶಗಳಲ್ಲಿ ಚದುರಿಹೋಗಿದ್ದಾರೆ. ಇಂಥ ಕಡೆ ಒಂದು ಧಾಟಿ ಮರೆತುಹೋದರೆ ನೆನಪಿಸಲು ಬೇರೆ ಊರಿಲ್ಲ. ಪಾಪ್ ಸಂಗೀತ ಮಂಗಳೂರಿನಲ್ಲಿ ಇಲ್ಲವಾದರೆ ಅದಕ್ಕೆ ನಷ್ಟವಿಲ್ಲ, ಅದಕ್ಕೆ ಇಡೀ ಲೋಕವಿದೆ. ವೊವಿಯೊ ಇಲ್ಲಿ ನಿಂತರೆ ಬಹುಮಟ್ಟಿಗೆ ನಿಂತೇ ಹೋಯಿತು. ಹೀಗಾಗಿ ಎರಡು ಧಾಟಿಗಳನ್ನೂ ಸಮಾನವಾಗಿ ಕಾಣುತ್ತೇನೆ ಎನ್ನುವ ನನ್ನಂಥವನ ಉದಾರತೆಯಲ್ಲಿ ಒಂದು ಮೋಸವಿದೆ. ತಕ್ಕಡಿಯ ತಟ್ಟೆಗಳು ಮೊದಲೇ ಸಮವಾಗಿಲ್ಲ.

ಹಾಗಾದರೆ ನೈತಿಕ ಪ್ರಶ್ನೆ ಇರುವುದು ಕಡ ತಂದುದರಲ್ಲಿ ಅಲ್ಲ, ತಂದ ಮೇಲೆ ಏನು ಮಾಡಿದೆವು ಎಂಬುದರಲ್ಲಿ ಎಂದು ನನಗನಿಸುತ್ತದೆ. ನಮ್ಮ ಹಳ್ಳಿಮನೆಗಳಲ್ಲಿ ಹಿಂದೆ ನೆರೆಮನೆಯಿಂದ ಸೇರು ಅಕ್ಕಿ ಕಡ ತರುವುದು ಸಾಮಾನ್ಯವಾಗಿತ್ತು. ತಂದವರಿಗೆ ಅವಮಾನವಿರಲಿಲ್ಲ. ಆದರೆ ಹಿಂತಿರುಗಿಸುವಾಗ ಅದೇ ಸೇರಿನಲ್ಲಿ, ಒಂದಿಷ್ಟು ಹೆಚ್ಚೇ ಸುರಿದು ಕೊಡಬೇಕು. ಮತ್ತು ಕಡದ ಅಕ್ಕಿ ಸಿಗುತ್ತದೆಂದು ಸ್ವಂತ ಗದ್ದೆಯನ್ನು ಹಡಿಲು ಬಿಡಬಾರದು. ಎರಡೂ ನಿಯಮಗಳನ್ನು ಯಾರೂ ಬರೆದಿಟ್ಟಿರಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಮೊದಲನೆಯ ನಿಯಮವನ್ನು ಚೆನ್ನಾಗಿ ಪಾಲಿಸಿದವರು ನಮ್ಮ ಊರಿನಲ್ಲೇ ಇದ್ದರು. 1949ರಲ್ಲಿ ಬಂಟ್ವಾಳ ತಾಲೂಕಿನ ಸಜಿಪಮೂಡದಲ್ಲಿ, ನಾಗಸ್ವರ ನುಡಿಸುವವರ ಮನೆಯಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥ್, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕಂಡು ಮರುಳಾದರು. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪೇಟೆಂಟ್ ಪಡೆದ ವಾದ್ಯ. ಕರ್ನಾಟಕ ಸಂಗೀತದ ಗಮಕಕ್ಕೆ ಅದು ಒಗ್ಗುವಂಥದ್ದಲ್ಲ. ಕೀಲಿಗಳನ್ನು ಮಾರ್ಪಡಿಸಿ, ಉಸಿರನ್ನು ಪಳಗಿಸಿ, ವರ್ಷಗಟ್ಟಲೆ ಸಾಧನೆ ಮಾಡಿ ಅದನ್ನು ಹಾಡಿಸಿದರು. 1980ರಲ್ಲಿ ಮುಂಬೈಯ ಜಾಝ್ ಉತ್ಸವದಲ್ಲಿ ಅಮೆರಿಕದ ಜಾನ್ ಹ್ಯಾಂಡಿ ಜೊತೆ ನುಡಿಸಿದರು. 1994ರಲ್ಲಿ ಲಂಡನ್ನಿನ ಪ್ರಾಮ್ಸ್ ಉತ್ಸವಕ್ಕೆ ಹೋದರು. ಕೊನೆಗೆ ಅಮೆರಿಕದಲ್ಲಿ ಬೆಳೆದ ಜಾಝ್ ಸ್ಯಾಕ್ಸೊಫೋನ್ ವಾದಕ ರುದ್ರೇಶ್ ಮಹಂತಪ್ಪ ಇವರನ್ನು ಹುಡುಕಿ ಬಂದರು. ಇಬ್ಬರೂ ಕೂಡಿ ನುಡಿಸಿದ ಆಲ್ಬಂ 2008ರಲ್ಲಿ ಹೊರಬಂತು. ಪಶ್ಚಿಮದಿಂದ ತಂದ ವಾದ್ಯವನ್ನು, ಅದು ಮೊದಲು ಅರಿಯದಿದ್ದ ಗಮಕಗಳನ್ನೂ ಕೂಡಿಸಿ, ಹಿಂತಿರುಗಿಸಿದಂತಾಯಿತು. ಟಿಮ್ ಮಾಯಾರ ಬದುಕಿನಲ್ಲೂ ಹೀಗೇ ಆಯಿತು. 1998ರ ಮಾರ್ಚ್‌ನಲ್ಲಿ ವೇದಿಕೆಯಲ್ಲೇ ಅಸ್ವಸ್ಥರಾಗಿ, ಒಂದು ವಾರದ ನಂತರ ತೀರಿಕೊಂಡರು. ಅದಾಗಿ 14 ವರ್ಷಕ್ಕೆ, ಒಮ್ಮೆ ಅವರನ್ನು ಗಡಿಪಾರು ಮಾಡಿದ ಅಮೆರಿಕದಲ್ಲೇ ಅವರ ಹಾಡುಗಳ ಸಂಕಲನ ಪ್ರಕಟವಾಯಿತು.

ನಮ್ಮ ಇಬ್ಬಗೆಯ ನೀತಿಯೂ ಇಲ್ಲೇ ಬಯಲಾಗುತ್ತದೆ. ವಾದ್ಯ ಹೊರಗಿನದು, ವ್ಯಾಕರಣ ನಮ್ಮದು ಎಂದಾಗ ನಾವು ಹೆಮ್ಮೆಪಟ್ಟು ಪದ್ಮಶ್ರೀ ಕೊಡುತ್ತೇವೆ. ವ್ಯಾಕರಣ ಹೊರಗಿನದು, ಮಾತು ನಮ್ಮದು ಎಂದಾಗ 'ಅಷ್ಟೆ' ಎನ್ನುತ್ತೇವೆ. ಶಾಸ್ತ್ರೀಯಕ್ಕೆ ಬಾಗಿದ ಕಡಕ್ಕೆ ಮರ್ಯಾದೆ ಇದೆ. ಮದುವೆ ಹಾಲಿಗೆ, ಗಲ್ಫಿನ ಕೂಲಿ ಮುಗಿಸಿ ಬಂದವನ ಸಂಜೆಗೆ ಬಾಗಿದ ಕಡಕ್ಕೆ ಇಲ್ಲ. ವಿಲ್ಫಿ ತಾವು ತಂದುದನ್ನು ಸಂಗೀತಶಾಸ್ತ್ರಕ್ಕೆ ಹಿಂತಿರುಗಿಸಲಿಲ್ಲ ನಿಜ. ಅವರು ಅದನ್ನು ಭಾಷೆಗೆ ಅಳೆದು ಕೊಟ್ಟರು. ಮನೆಯಿಂದ ಸಾವಿರಾರು ಮೈಲಿ ದೂರದಲ್ಲಿ, ದಿನವಿಡೀ ಬೇರೆ ಬೇರೆ ಭಾಷೆಗಳಲ್ಲಿ ಹೌದು ಸಾರ್ ಎನ್ನುತ್ತಿದ್ದವನಿಗೆ ಒಂದು ಸಂಜೆಯ ಮಟ್ಟಿಗೆ ಅವನ ತಾಯಿನುಡಿ ಮೈಕಿನಲ್ಲಿ, ದೀಪದ ಬೆಳಕಿನಲ್ಲಿ, ಗಟ್ಟಿಯಾಗಿ ಕೇಳಿಸಿತು. ಕೊಂಕಣಿಯಲ್ಲಿ ಹೊಸ ಹಾಡು ಹುಟ್ಟಬಹುದು, ಅದಕ್ಕೆ ಟಿಕೆಟ್ ಕೊಟ್ಟು ಜನ ಬರಬಹುದು ಎಂಬ ಧೈರ್ಯ ಮುಂದಿನವರಿಗೆ ಬಂತು. ಮಾಂಡ್ ಸೊಭಾಣ್‌ನ ಹುಡುಕಾಟಕ್ಕೂ ಕೊಂಕಣಿಯಲ್ಲಿ ಹಾಡು ಕೇಳುವ ಇಂಥ ಕಿವಿಗಳು ಬೇಕಾಗಿದ್ದವು.

ಎರಡನೆಯ ನಿಯಮದ ಲೆಕ್ಕ, ಅಂದರೆ ಸ್ವಂತ ಗದ್ದೆ ಹಡಿಲು ಬೀಳಬಾರದೆಂಬುದು, ಯಾವ ಒಬ್ಬ ಗಾಯಕನ ತಲೆಗೂ ಕಟ್ಟುವಂಥದ್ದಲ್ಲ. ವಿಲ್ಫಿ ಒಂದು ಕಾಲು ಕಡಿಮೆ ಗಿಟಾರ್ ಬಳಸಿದ್ದರೆ ವೊವಿಯೊ ಉಳಿಯುತ್ತಿತ್ತು ಎಂದು ನಾನು ನಂಬುವುದಿಲ್ಲ. ಅದು ಉಳಿಯುವುದು ಮೊಮ್ಮಗಳು ಅಜ್ಜಿಯ ಪಕ್ಕ ಕೂತು ಕಲಿತರೆ, ರೋಸ್‌ನ ಸಂಜೆಯನ್ನೂ ಡಿಜೆಯ ಕೈಗೆ ಕೊಡದಿದ್ದರೆ. ಆ ಹೊಣೆ ಕೇಳುಗರದ್ದು, ಮದುವೆ ಮಾಡುವವರದ್ದು, ನನ್ನಂಥ ನೆರೆಯವರದ್ದು ಕೂಡ. ನಾವು ರಿಸೆಪ್ಷನ್‌ಗೆ ತಪ್ಪದೆ ಹೋಗುತ್ತೇವೆ, ರೋಸ್‌ಗೆ ಹೋಗಲು ಪುರುಸೊತ್ತಿಲ್ಲ ಎನ್ನುತ್ತೇವೆ.

ನನ್ನ ಗೆಳೆಯನಿಗೆ ಈಗ ಹೇಳುವುದಿಷ್ಟು: ಅದು ಕೊಂಕಣಿ ಹಾಡೇ. ಧಾಟಿ ಕಡ ತಂದದ್ದು, ಕಡ ಬಹುಪಾಲು ತೀರಿದೆ. ಉಳಿದಿರುವುದು ನಮ್ಮ ಪಾಲಿನದು. ಮುಂದಿನ ಸಲ ಯಾರದಾದರೂ ಮನೆಯ ರೋಸ್‌ಗೆ ಕರೆ ಬಂದಾಗ ಹೊತ್ತಿಗೆ ಸರಿಯಾಗಿ ಹೋಗಿ, ಬಾಯಮ್ಮ ಎತ್ತಿಕೊಡುವ ಸೊಲ್ಲಿಗೆ ದನಿ ಸೇರಿಸುವವರು ಎಷ್ಟು ಮಂದಿ ಇದ್ದಾರೆಂದು ಎಣಿಸಿ ನೋಡೋಣ.